ಕೆಲಸ ಮಾಡಿದವರು

ಮುಂಬೈಯಿಂದ ವಿಮಾನ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆ ಎಂದರೆ ಆವತ್ತು ತಂಗೆವ್ವನ ಕೈಗೆ ಕಸಬರಿಗೆ ಬರುತ್ತದೆ.

ಉಳಿದ ದಿನ ಅದೇ ಕೈಯಲ್ಲಿ ಇಕ್ಕಳ ಇರುತ್ತದೆ. ಮೀಟರು ಇರುತ್ತದೆ. ಮಿರಜಿನಿಂದ ಸಲಗರೆ ಕಡೆಗೆ ಹೋಗುವ ರಸ್ತೆಯ ಬದಿಗೆ, ಕಬ್ಬಿನ ಹೊಲಗಳ ನಡುವಿನ ಮಾಳದಲ್ಲಿ, ವಿಮಾನ ಓಡಿಸಲು ಕಲಿಸುವ ಒಂದು ಖಾಸಗಿ ಶಾಲೆ. ಇಬ್ಬರು ಕೂರುವ ನಾಲ್ಕು ಸಣ್ಣ ವಿಮಾನ, ಒಂದು ತಗಡಿನ ಶೆಡ್ಡು. ಆ ನಾಲ್ಕೂ ವಿಮಾನಗಳ ತಂತಿ ಕೆಲಸ ತಂಗೆವ್ವನದು. ಕಾಗದದಲ್ಲಿ ಅದಕ್ಕೆ ಏವಿಯಾನಿಕ್ಸ್ ಎಂಬ ದೊಡ್ಡ ಹೆಸರು. ಬಿಡಿಸಿ ಹೇಳಿದರೆ ವಿಮಾನದ ಕಣ್ಣು, ಕಿವಿ, ಬಾಯಿ ನೋಡಿಕೊಳ್ಳುವುದು. ರೇಡಿಯೊ, ದಿಕ್ಕು ತೋರಿಸುವ ಯಂತ್ರ, ಪೈಲಟ್ಟನ ಕಿವಿಯ ಹೆಡ್‌ಸೆಟ್ಟು, ಇವುಗಳ ಬೆನ್ನ ಹಿಂದೆ ಹೆಣೆದುಕೊಂಡ ನೂರಾರು ತಂತಿ.

ಒಂಬತ್ತು ವರ್ಷದಿಂದ ಈ ಕೆಲಸ ಅವಳೇ ಮಾಡುತ್ತಾಳೆ. ಒಂಬತ್ತು ವರ್ಷದಿಂದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ "ಸಫಾಯಿ ಕಾಮಗಾರ" ಎಂದೇ ಇದೆ.

ಕೆಲಸ ಕೇಳಲು ಬಂದ ದಿನ ಅವಳ ಕೈಯಲ್ಲಿ ಹನ್ನೆರಡನೆಯ ಸೈನ್ಸ್ ಪಾಸಾದ ಕಾಗದ ಇತ್ತು, ಐಟಿಐ ಎಲೆಕ್ಟ್ರಾನಿಕ್ಸ್ ಸರ್ಟಿಫಿಕೇಟು ಇತ್ತು. ಆಫೀಸಿನವರು ಸರ್ಟಿಫಿಕೇಟು ಓದಲಿಲ್ಲ. ಅಡ್ಡಹೆಸರು ಓದಿದರು. ಕಾಂಬಳೆ. ಹೆಸರಿನಲ್ಲೇ ಕೇರಿ ತಿಳಿಯಿತು, ಮುಂದೆ ಏನು ಕೇಳುವುದಿದೆ? ಒಂದು ಬಕೀಟು, ಒಂದು ಕಸಬರಿಗೆ, ಎರಡು ಬಾಟಲಿ ಫಿನೈಲು ಕೊಟ್ಟರು. ಎರಡನೆಯ ತಿಂಗಳಲ್ಲಿ ಒಂದು ವಿಮಾನದ ರೇಡಿಯೊ ಸತ್ತಿತು. ಲೈಸೆನ್ಸ್ ಇದ್ದ ಇಂಜಿನಿಯರು ಪುಣೆಯಲ್ಲಿದ್ದ. ನೆಲ ಒರೆಸುತ್ತಿದ್ದ ತಂಗೆವ್ವ ಬಗ್ಗಿ ನೋಡಿ, ಅರ್ಥಿಂಗ್ ತಂತಿ ಸಡಿಲಾಗಿದೆ ಎಂದಳು. ಬಿಗಿದಳು. ರೇಡಿಯೊ ಮಾತಾಡಿತು. ಅಂದಿನಿಂದ ನೆಲವೂ ಅವಳದೇ, ತಂತಿಯೂ ಅವಳದೇ ಆಯಿತು. ಪಗಾರ ಮಾತ್ರ ನೆಲದ್ದು.

ತಂತಿಯ ಬುದ್ಧಿ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಧೋಂಡಿಬಾ ಹರಿಪುರದಲ್ಲಿ ಪಂಪಿನ ಮೋಟಾರು ಸುತ್ತುತ್ತಿದ್ದ. ಕೃಷ್ಣೆ ಏರಿ ಊರು ಹೊಕ್ಕು ಇಳಿದಳೆಂದರೆ ರೈತರು ಕೆಸರು ತುಂಬಿದ ಮೋಟಾರು ಹೊತ್ತುಕೊಂಡು ಸಾಲು ಹಚ್ಚುತ್ತಿದ್ದರು. ಧೋಂಡಿಬಾನದು ಒಂದೇ ಕಟ್ಟಳೆ. ಹಳೆಯ ಸುತ್ತು ಬಿಚ್ಚುವ ಮೊದಲು ಎಷ್ಟು ಸುತ್ತು, ಯಾವ ದಪ್ಪದ ತಂತಿ ಎಂದು ವಹಿಯಲ್ಲಿ ಬರೆಯಬೇಕು, ಹಳೆಯ ತಂತಿಯ ಒಂದು ತುಂಡನ್ನು ಆ ಹಾಳೆಗೇ ಕಟ್ಟಬೇಕು. "ಬಿಚ್ಚೂ ಮೊದಲ ಬರಿ, ಮಗಳ. ಬರೀದ ಬಿಚ್ಚಿದಂವಗ ಕಟ್ಟಾಕ ಬರೂದಿಲ್ಲ," ಎನ್ನುತ್ತಿದ್ದ. ಅಪ್ಪ ಹೋದ. ಚಟ ಉಳಿಯಿತು. ವಿಮಾನದ ಒಂದು ತಿರುಪು ಬಿಚ್ಚಬೇಕಾದರೂ ತಂಗೆವ್ವ ತನ್ನ ವಹಿಯಲ್ಲಿ ತಾರೀಖು, ವಿಮಾನದ ನಂಬರು, ಯಾವ ತಂತಿ, ಏನಾಗಿತ್ತು, ಏನು ಮಾಡಿದೆ ಎಲ್ಲ ಬರೆಯುತ್ತಾಳೆ. ಕತ್ತರಿಸಿದ ತಂತಿಯ ತುಂಡನ್ನು ಹಾಳೆಗೆ ಕಟ್ಟುತ್ತಾಳೆ. ಹತ್ತೊಂಬತ್ತು ವಹಿ ಆಗಿದ್ದವು.

ಕೆಲಸ ಕೂತು ಮಾಡುವಂಥದ್ದಲ್ಲ. ವಿಮಾನದ ಮುಂದಿನ ತಗಡಿನ ಹಿಂದೆ ತಲೆ ಹೋಗಬೇಕು. ಅದಕ್ಕೆ ಸೀಟಿನ ಮೇಲೆ ಕಾಲು ಹಾಕಿ, ಪೆಡಲುಗಳ ನಡುವೆ ತಲೆ ಕೆಳಗೆ ಮಾಡಿ, ಬೆನ್ನ ಮೇಲೆ ಮಲಗಬೇಕು. ಬಾಯಲ್ಲಿ ಬ್ಯಾಟರಿ ಕಚ್ಚಿಕೊಳ್ಳಬೇಕು. ಜೊಲ್ಲು ಕೆನ್ನೆಯ ಮೇಲೆ ಹರಿದು ಕಿವಿಗೆ ಇಳಿಯುತ್ತದೆ. ಒರೆಸಲು ಕೈ ಖಾಲಿ ಇರುವುದಿಲ್ಲ. ಬೇಸಿಗೆಯಲ್ಲಿ ತಗಡು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಅವಳ ಎರಡೂ ಮುಂಗೈಗಳ ಮೇಲೆ ಸುಟ್ಟ ಕಲೆಗಳು, ಗೀರುಗಳು. ಮುಟ್ಟಿನ ದಿನಗಳಲ್ಲಿ ತಲೆ ಕೆಳಗೆ ಮಾಡಿ ಮಲಗಿದರೆ ಹೊಟ್ಟೆ ಕಿತ್ತು ಬಂದಂತಾಗುತ್ತದೆ. ಯಾರಿಗೆ ಹೇಳುವುದು? ಸಫಾಯಿಯವಳಿಗೆ ಅಲ್ಲಿ ಮಲಗುವ ಕೆಲಸವೇ ಇಲ್ಲವಲ್ಲ.

ಹೆಡ್‌ಸೆಟ್ಟು ಕೆಟ್ಟರೆ ಅದನ್ನೂ ಅವಳೇ ಬಿಚ್ಚಿ, ಬೆಸೆದು, ಸರಿ ಮಾಡುತ್ತಾಳೆ. ಸರಿಯಾಯಿತೋ ಇಲ್ಲವೋ ನೋಡಲು ಒಮ್ಮೆ ಕಿವಿಗೆ ಹಾಕಿಕೊಂಡಿದ್ದಳು. ಕಲಿಯುವ ಹುಡುಗರು ನೋಡಿ ಆಫೀಸಿಗೆ ದೂರು ಕೊಟ್ಟರು. ನಾವು ತಲೆಗೆ ಹಾಕಿಕೊಳ್ಳುವುದನ್ನು ಅವಳು ಹಾಕಿಕೊಳ್ಳುತ್ತಾಳೆ ಎಂದರು. ಇಂಜಿನಿಯರು ಭೂಷಣ ಸಾಹೇಬ ಅವಳನ್ನು ಕರೆದು ಮರಾಠಿಯಲ್ಲಿ, "ಏ ಬಾಯಿ, ಕಾನಾಲಾ ಲಾವೂ ನಕೋ," ಎಂದ. ಕಿವಿಗೆ ಹಚ್ಚಬೇಡ. ಅಂದಿನಿಂದ ಅವಳು ಹೆಡ್‌ಸೆಟ್ಟನ್ನು ಗೇಣು ದೂರ ಹಿಡಿದು, ಕತ್ತು ಓರೆ ಮಾಡಿ, ಉಸಿರು ಹಿಡಿದು ಕೇಳುತ್ತಾಳೆ. ಅವಳು ಬೆಸೆದ ತಂತಿಯಲ್ಲಿ ಬರುವ ದನಿ ಅವಳ ಕಿವಿ ಮುಟ್ಟುವಂತಿಲ್ಲ. ಇದು ಯಾವ ನಿಯಮದ ಪುಸ್ತಕದಲ್ಲೂ ಬರೆದಿಲ್ಲ. ಆದರೂ ಇದೊಂದು ನಿಯಮ ಮಾತ್ರ ಶಾಲೆಯಲ್ಲಿ ಒಂದು ದಿನವೂ ತಪ್ಪಲಿಲ್ಲ.

ಬರೆದ ನಿಯಮದ ಮೇಲೆ ತಂಗೆವ್ವನಿಗೆ ಸಿಟ್ಟಿಲ್ಲ. ವಿಮಾನದ ತಂತಿ ಯಾರೆಂದರೆ ಅವರು ಮುಟ್ಟಬಾರದು. ಲೈಸೆನ್ಸ್ ಇದ್ದವನು ಕಣ್ಣಾರೆ ನೋಡಿ, ಹಾರಬಹುದು ಎಂದು ಸಹಿ ಹಾಕಬೇಕು. ಸರಿಯಾದ ಮಾತು. ಆಕಾಶದಲ್ಲಿ ಗಾಡಿ ಕೆಟ್ಟರೆ ರಸ್ತೆ ಬದಿಗೆ ಹಚ್ಚಿ ನಿಲ್ಲಿಸಲು ಆಗುವುದಿಲ್ಲ. ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಅದರಲ್ಲಿ ಎರಡು ಚೌಕ. ಒಂದು, ಕೆಲಸ ಮಾಡಿದವರು. ಇನ್ನೊಂದು, ಪರೀಕ್ಷಿಸಿ ಒಪ್ಪಿದವರು. ಇಂಜಿನಿಯರ ಕಣ್ಣ ಮುಂದೆ ಕೆಲಸ ಮಾಡಿದ ಸಹಾಯಕರ ಹೆಸರನ್ನು ಮೊದಲ ಚೌಕದಲ್ಲಿ ಬರೆಯಲು ನಿಯಮವೇ ಅವಕಾಶ ಕೊಟ್ಟಿದೆ. ಆದರೆ ಭೂಷಣ ಸಾಹೇಬನ ಕಣ್ಣು ಪುಣೆಯಲ್ಲಿರುತ್ತಿತ್ತು. ತಿಂಗಳಿಗೆ ಎರಡು ದಿನ ಬರುತ್ತಿದ್ದ. ಬಂದಾಗ ಒಂದು ಕಟ್ಟು ಖಾಲಿ ಕಾರ್ಡುಗಳಿಗೆ ಎರಡನೆಯ ಚೌಕದಲ್ಲಿ ಸಹಿ ಹೊಡೆದು, ಸ್ಟೋರು ನೋಡಿಕೊಳ್ಳುವ ನೇಮಿನಾಥ ಕಾಕಾನ ಕೈಗೆ ಕೊಟ್ಟು ಹೋಗುತ್ತಿದ್ದ. ತಂಗೆವ್ವ ಕೆಲಸ ಮುಗಿಸಿದ ಮೇಲೆ ಕಾಕಾ ಒಂದು ಕಾರ್ಡು ತೆಗೆದು ತುಂಬುತ್ತಿದ್ದ. ಕೆಲಸ ಮಾಡಿದವರು: ಭೂಷಣ. ಒಪ್ಪಿದವರು: ಭೂಷಣ. ತಂಗೆವ್ವ ಎದುರಿಗೇ ನಿಂತು ಕೈಯ ಮಸಿ ಒರೆಸಿಕೊಳ್ಳುತ್ತಿದ್ದಳು.

ಅವಳು ಸುಮ್ಮನೆ ಕೂತವಳಲ್ಲ. ಲೈಸೆನ್ಸಿನ ಪರೀಕ್ಷೆಗೆ ಕಟ್ಟಿದಳು. ಪುಣೆಗೆ ಹೋಗಿ ಹೋಗಿ ಒಂದೊಂದೇ ಪೇಪರು ಬರೆದು ಎಲ್ಲ ಪಾಸಾದಳು. ಇನ್ನು ಉಳಿದದ್ದು ಅನುಭವದ ಪುಸ್ತಕ ಒಂದೇ. ಇಷ್ಟು ವರ್ಷ ಇಂಥಿಂಥ ಕೆಲಸ ಈಕೆ ಮಾಡಿದ್ದಾಳೆ ಎಂದು ಲೈಸೆನ್ಸ್ ಇದ್ದವನು ಸಹಿ ಹಾಕಬೇಕು. ಭೂಷಣ ಸಾಹೇಬ ನಕ್ಕ. ಸಫಾಯಿಯವಳಿಗೆ ಏವಿಯಾನಿಕ್ಸ್ ಅನುಭವ ಹೇಗೆ ಬರುತ್ತದೆ, ಯಾವ ಕಾರ್ಡಿನಲ್ಲಿ ನಿನ್ನ ಹೆಸರಿದೆ ತೋರಿಸು ಎಂದ. ಹುಚ್ಚು ಬಿಟ್ಟ ಹೊರತು ಮದುವೆ ಆಗದು, ಮದುವೆ ಆದ ಹೊರತು ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗಾಯಿತು. ಲೈಸೆನ್ಸ್ ಇಲ್ಲವೆಂದು ಹೆಸರಿಲ್ಲ. ಹೆಸರಿಲ್ಲವೆಂದು ಲೈಸೆನ್ಸ್ ಇಲ್ಲ. ಮೂರು ವರ್ಷ ಅವಳು ಆ ಖಾಲಿ ಪುಸ್ತಕವನ್ನು ಟಿಫಿನ್ ಚೀಲದಲ್ಲೇ ಇಟ್ಟುಕೊಂಡು ತಿರುಗಿದಳು. ಅದರ ರಟ್ಟಿಗೆ ಪಲ್ಯದ ಎಣ್ಣೆ ಹತ್ತಿತು.

ಶ್ರಾವಣದಲ್ಲಿ ಎಂಟು ದಿನ ಮಳೆ ಬಿಡಲಿಲ್ಲ. ಮೂರನೆಯ ನಂಬರಿನ ವಿಮಾನದ ರೇಡಿಯೊ ಗರಗರ ಎನ್ನತೊಡಗಿತು. ತಂಗೆವ್ವ ತಲೆ ಕೆಳಗೆ ಮಾಡಿ ಮಲಗಿ, ತಂತಿಗಳು ಕೂಡುವ ಜೋಡಣೆ ಬಿಚ್ಚಿದಳು. ಹಸಿರು ಕಿಲುಬು. ಮಹಾಪೂರದ ಮೋಟಾರುಗಳಲ್ಲಿ ನೂರು ಸಲ ನೋಡಿದ್ದೇ. ಹತ್ತಿಯಿಂದ ತಿಕ್ಕಿದಳು, ಹತ್ತಿ ಹಸಿರಾಯಿತು. ಹತ್ತಿಯನ್ನು ವಹಿಯ ಹಾಳೆಗೆ ಅಂಟಿಸಿ, ತಾರೀಖು ಬರೆದು, ಪುಣೆಗೆ ಫೋನು ಹಚ್ಚಿದಳು. ಭೂಷಣ ಸಾಹೇಬನ ತಮ್ಮನ ಸಾಖರಪುಡಾ, ಮದುವೆಯ ನಿಶ್ಚಯ, ನಡೆದಿತ್ತು. ಹಿಂದೆ ಸನಾಯಿ ಕೇಳುತ್ತಿತ್ತು.

"ಸಾಹೇಬ್ರ, ಕಿಲುಬು ಒಳಗ ಇಳದೈತಿ. ಜೋಡಣೀನ ಬದಲಾಸಬೇಕ್ರಿ."

ಭೂಷಣ ಇದೇ ಕಡೆಯ ವಿಶ್ರಾಮಬಾಗದಲ್ಲಿ ಬೆಳೆದವನು. ಅಜ್ಜಿಯಿಂದ ಬಂದ ಅಷ್ಟಿಷ್ಟು ಕನ್ನಡ ಇತ್ತು. ಬೈಯುವುದಿದ್ದರೆ ಮರಾಠಿ, ಕೆಲಸ ಆಗಬೇಕಿದ್ದರೆ ಕನ್ನಡ. "ಹೊಸಾದು ಬರಾಕ ಎಂಟ ದಿವಸ ಬೇಕು. ನಾಳೆ ಸಕಾಳಿ ಫ್ಲೈಯಿಂಗ್ ಐತಿ. ಒರಸು, ಸ್ಪ್ರೇ ಹೊಡಿ, ಮುಚ್ಚಿ ಬಿಡು."

"ನಿಲ್ಲೂದಿಲ್ರಿ ಅದು. ಹಸಿ ಐತಿ. ಮ್ಯಾಲ ಹೋದ ಮ್ಯಾಲ ಕೈ ಕೊಡತೈತಿ."

"ತೂ ಇಂಜಿನಿಯರ್ ಆಹೇಸ್ ಕಾ?" ನೀನೇನು ಇಂಜಿನಿಯರಾ ಎಂದು ಫೋನು ಇಟ್ಟ.

ತಂಗೆವ್ವ ಒರೆಸಿದಳು. ಸ್ಪ್ರೇ ಹೊಡೆದಳು. ಮುಚ್ಚಿದಳು. ಮನಸ್ಸು ಒಪ್ಪಲಿಲ್ಲ, ಕೈ ಒಪ್ಪಿತು. ಹೊಟ್ಟೆ ಎಂಬುದೊಂದು ಇದೆಯಲ್ಲ.

ಅವತ್ತೇ ಇನ್ನೊಂದು ತಪ್ಪು ಆಯಿತು. ನೇಮಿನಾಥ ಕಾಕಾ ಜೈನರ ಪೈಕಿ, ಕಟ್ಟುನಿಟ್ಟಿನ ಮನುಷ್ಯ. ಚಾತುರ್ಮಾಸದಲ್ಲಿ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವವನಲ್ಲ. ಮೋಡ ಕವಿದ ದಿನ ಸೂರ್ಯ ಎಲ್ಲಿದ್ದಾನೋ ತಿಳಿಯದೆ ಗಾಬರಿಯಿಂದ ಬೇಗನೇ ಮನೆಗೆ ಎದ್ದ. ಸಹಿ ಹಾಕಿಟ್ಟ ಕಾರ್ಡಿನಲ್ಲಿ ವಿಮಾನದ ನಂಬರು, ತಾರೀಖು, ಕೆಲಸ ಬರೆದ. ಮೊದಲ ಚೌಕವನ್ನು ಮುಂಜಾನೆ ಬಂದು ತುಂಬಿದರಾಯಿತು ಎಂದು ಹಾಗೇ ಬಿಟ್ಟು ಸ್ಕೂಟರು ಹತ್ತಿದ.

ಮುಂಜಾನೆ ಏಳಕ್ಕೆ, ಕಾಕಾ ಬರುವ ಮೊದಲೇ, ಮೂರನೆಯ ನಂಬರಿನ ವಿಮಾನ ಏರಿತು. ಹಾರಲು ಕಲಿಯುತ್ತಿದ್ದ ಹತ್ತೊಂಬತ್ತು ವರ್ಷದ ವೃಷಾಲಿ ಅದರಲ್ಲಿ ಒಬ್ಬಳೇ ಇದ್ದಳು. ತಿರುಗಿ ಇಳಿಯಲು ಬಂದಾಗ ಓಡುದಾರಿಯ ಮೇಲೆ ಇನ್ನೊಂದು ವಿಮಾನ ನಿಂತಿತ್ತು. ಇಳಿಯಬೇಡ, ಮೇಲೇಳು ಎಂದು ಕೆಳಗಿನ ರೇಡಿಯೊ ಕೋಣೆಯಿಂದ ಕೂಗಿದರು. ಕೂಗಿದ್ದು ಅವಳಿಗೆ ಮುಟ್ಟಲಿಲ್ಲ. ಕಣ್ಣಿಗೆ ಬಿದ್ದಾಗ ಹತ್ತಿರವಾಗಿತ್ತು. ಹೊರಳಿಸಿದಳು. ವಿಮಾನ ಕಬ್ಬಿಗೆ ನುಗ್ಗಿ ಮಗ್ಗುಲಾಯಿತು. ಹುಡುಗಿಯ ಬಲಗೈ ಎರಡು ಕಡೆ ಮುರಿಯಿತು.

ತಂಗೆವ್ವ ಮಿರಜಿನ ಆಸ್ಪತ್ರೆಗೆ ಹೋದಳು. ಬಾಗಿಲಲ್ಲೇ ನಿಂತಳು. ವೃಷಾಲಿಯ ತುಟಿ ಬಾತಿತ್ತು. ತಂಗೆವ್ವನನ್ನು ನೋಡಿ ಒಂದೇ ಮಾತು ಹೇಳಿದಳು: "ಕಾಹೀಚ ಐಕೂ ಆಲಂ ನಾಹೀ, ಮಾವಶಿ." ಏನೂ ಕೇಳಿಸಲೇ ಇಲ್ಲ, ಚಿಕ್ಕಮ್ಮ.

ಆ ಮಾತು ಸಿಟಿ ಬಸ್ಸಿನಲ್ಲೂ ಅವಳ ಜೊತೆ ಬಂತು. ಹಿಟ್ಟು ನಾದುವಾಗಲೂ ಬಂತು. ಗೇಣು ದೂರದಿಂದ ಕೇಳಿ ಕೇಳಿ ತಾನು ಕಿವುಡಾದದ್ದು ಸಾಲದೆಂದು ಆ ಹುಡುಗಿಯನ್ನೂ ಕಿವುಡು ಮಾಡಿ ಮೇಲೆ ಕಳಿಸಿದೆ ಎಂದುಕೊಂಡಳು. ಮುಚ್ಚಿದ್ದು ಯಾರ ಕೈ? ತನ್ನದೇ ಕೈ. ಆ ಕೈಯನ್ನು ಹಿಟ್ಟಿನಿಂದ ಎತ್ತಿ ನೋಡಿದಳು. ಹೊಡೆದುಕೊಳ್ಳಬೇಕು ಎನಿಸಿತು.

ನಾಲ್ಕನೆಯ ದಿನ ಭೂಷಣ ಸಾಹೇಬ ಅವಳನ್ನು ಏಸಿ ಕೋಣೆಗೆ ಕರೆಸಿದ. ಒಂಬತ್ತು ವರ್ಷದಲ್ಲಿ ಅವಳು ಆ ಕೋಣೆಯ ನೆಲ ಒರೆಸಿದ್ದಳು. ಕುರ್ಚಿಯ ಮೇಲೆ ಕೂತಿರಲಿಲ್ಲ.

"ಅಕ್ಕಾ, ಕುಂದ್ರು. ಚಹಾ ಘೇ."

ಅಕ್ಕಾ! ತಂಗೆವ್ವ ನಿಂತೇ ಇದ್ದಳು. ಭೂಷಣ ಮೇಜಿನ ಮೇಲೆ ಎರಡು ವಸ್ತು ಇಟ್ಟ. ಒಂದು, ಮೊದಲ ಚೌಕ ಖಾಲಿ ಉಳಿದ ಆ ಕಾರ್ಡು. ಇನ್ನೊಂದು, ಹೊಸದೊಂದು ಅನುಭವದ ಪುಸ್ತಕ.

"ನಾಳೆ ಮುಂಬೈದವ್ರು ಬರತಾರ. ಈ ಚೌಕದಾಗ ನನ್ನ ಹೆಸರು ಬರಿಯಾಕ ಬರೂದಿಲ್ಲ. ಆ ಮಧ್ಯಾಹ್ನ ನಾ ಪುಣ್ಯಾದಾಗ ಸಾಖರಪುಡಾದಾಗ ಇದ್ದದ್ದು ಫೋಟೋದಾಗ ಐತಿ. ರಾತ್ರಿ ಬಂದ ಚೆಕ್ ಮಾಡೇನಿ ಅಂತ ಹೇಳತೇನಿ, ಕಾಕಾ ಹೂಂ ಅಂತಾರ. ಕೆಲಸ ನೀ ಮಾಡಿದಿ ಅಂತ ಬರಿ. ಒಳಗ ಸರಿ ಕೂಡಸಿದ್ದಿಲ್ಲ, ಚೂಕ್ ಆತು ಅಂತ ಒಪ್ಪಕೋ. ಮುಗೀತು." ಪುಸ್ತಕವನ್ನು ಅವಳ ಕಡೆ ಸರಿಸಿದ. "ಒಂಬತ್ತ ವರ್ಷಾ ಪೂರಾ ತುಂಬೇನಿ. ಸಹಿ ಮಾಡೇನಿ. ತಗೋ."

ತಂಗೆವ್ವ ಪುಸ್ತಕ ತೆರೆದಳು. ಮೊದಲ ಹಾಳೆಯಲ್ಲೇ ಅವಳ ಹೆಸರು. ಅದರ ಕೆಳಗೆ ಸಹಿ, ಸಿಕ್ಕಾ. ಮೂರು ವರ್ಷ ಕನಸಿನಲ್ಲಿ ಕಂಡದ್ದು ಕೈಯಲ್ಲೇ ಇತ್ತು. ತಗೊಂಡು ಹೋಗಿಬಿಡು ಎಂದು ಜೀವ ಹೇಳಿತು. ಹಾಳೆ ತಿರುವಿದಳು. ಮುಂದಿನ ವರ್ಷ ತಿರುವಿದಳು. ಎರಡನೆಯ ನಂಬರಿನ ವಿಮಾನದ ದಿಕ್ಕಿನ ಯಂತ್ರ ಬದಲಿಸಿದ್ದು ಎಂದು ಮೇ ತಿಂಗಳಲ್ಲಿ ಬರೆದಿದ್ದ. ಆ ಮೇ ತಿಂಗಳು ಪೂರ್ತಿ ಎರಡನೆಯ ನಂಬರು ಶಾಲೆಯಲ್ಲೇ ಇರಲಿಲ್ಲ. ಅವಳು ನಾಲ್ಕು ದಿನ ಬೆನ್ನು ಮುರಿದುಕೊಂಡು ಒಂದನೆಯ ನಂಬರಿನ ತಂತಿಯ ಕಂತೆ ಪೂರ್ತಿ ಹೊಸದಾಗಿ ಹಾಕಿದ್ದಳು, ಅದು ಎಲ್ಲೂ ಇರಲಿಲ್ಲ. ಇನ್ನೂ ತಿರುವಿದಳು. ಎಲ್ಲ ಸುಳ್ಳು. ಪಾಪ, ಅವನಾದರೂ ಏನು ಮಾಡಿಯಾನು? ಒಂಬತ್ತು ವರ್ಷ ಅವಳು ಏನು ಮಾಡಿದಳು ಎಂಬುದು ಅವನಿಗೆ ಗೊತ್ತಿದ್ದರಲ್ಲವೇ ಬರೆಯಲು!

"ಸಾಹೇಬ್ರ, ಇದು ನನ್ನ ಕೆಲಸ ಅಲ್ರಿ."

"ಯಾವುದಾದರೇನ? ಸಹಿ ನಂದ ಐತಿ."

"ಚೂಕ್ ನಂದು ಅಂತ ಬರದ ಮ್ಯಾಲ ನನಗ ಲೈಸೆನ್ಸ್ ಯಾರ ಕೊಡತಾರ್ರಿ?"

ಭೂಷಣನ ಮುಖ ಬಿಗಿಯಿತು. "ನೋಡು, ನನ್ನ ಲೈಸೆನ್ಸ್ ಹೋದ್ರ ನನ್ನ ಮನಿ ಹೋತು, ಮಕ್ಕಳ ಸಾಲಿ ಹೋತು. ನಿನ್ನದೇನ ಹೋಗತೈತಿ? ಲೈಸೆನ್ಸ್ ಇಲ್ಲ, ಹೆಸರಿಲ್ಲ. ಕಳಕೊಳ್ಳಾಕ ನಿನ್ನ ಹಂತ್ಯಾಕ ಏನೈತಿ?"

ತಂಗೆವ್ವ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. ಹೊರಗೆ ಬಂದಳು. ಅಲ್ಲೇ ನಿಂತಿದ್ದರೆ ಕೈ ಎತ್ತುತ್ತಿದ್ದಳೇನೋ.

ಮರುದಿನ ಗೇಟಿನಲ್ಲಿ ತಪಾಸಣೆಯ ದಿನದ ರೂಢಿಯಂತೆ ಕಸಬರಿಗೆ ಕೊಟ್ಟರು. ತಗೊಂಡಳು. ಇನ್ನೊಂದು ಕೈಯಲ್ಲಿ ಗೊಬ್ಬರದ ಖಾಲಿ ಚೀಲದಲ್ಲಿ ಏನೋ ತುಂಬಿಕೊಂಡು ಬಂದಿದ್ದಳು. ಸಫಾಯಿಯವಳ ಚೀಲದಲ್ಲಿ ಕಸವಲ್ಲದೆ ಏನಿರುತ್ತದೆ ಎಂದು ಯಾರೂ ಬಿಚ್ಚಿಸಿ ನೋಡಲಿಲ್ಲ.

ಮುಂಬೈಯ ಅಧಿಕಾರಿ ಶೆಡ್ಡಿನಲ್ಲೇ ಮೇಜು ಹಾಕಿಸಿ ಕೂತ. ಕಾರ್ಡು ಕೈಗೆತ್ತಿಕೊಂಡು ಖಾಲಿ ಚೌಕದ ಮೇಲೆ ಬೆರಳಿಟ್ಟು, ಕೆಲಸ ಮಾಡಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದ. ನೇಮಿನಾಥ ಕಾಕಾ ತನ್ನ ಚಪ್ಪಲಿ ನೋಡಿಕೊಂಡ. ಭೂಷಣ ಗಂಟಲು ಸರಿ ಮಾಡಿಕೊಂಡು, ಕಸ ಗುಡಿಸುತ್ತಿದ್ದ ತಂಗೆವ್ವನ ಕಡೆ ಕೈ ತೋರಿಸಿದ. ಅಧಿಕಾರಿ ಹಾಜರಿ ಪುಸ್ತಕ ತೆರೆದ.

"ಇಲ್ಲಿ ಸಫಾಯಿ ಕಾಮಗಾರ ಎಂದಿದೆ."

ತಂಗೆವ್ವ ಕಸಬರಿಗೆಯನ್ನು ನೆಲಕ್ಕೆ ಬಿಟ್ಟು ಮೇಜಿನ ಮುಂದೆ ಬಂದು ನಿಂತಳು. ಸಿಟ್ಟು ಬಂದರೆ ಅವಳಿಗೆ ಮರಾಠಿಯೂ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. "ಕಾಕಾ, ನಾ ಹೇಳಿದ್ದು ಹೇಳಿದಂಗ ಸಾಹೇಬ್ರಿಗೆ ತಿಳಸ್ರಿ. ಬಿಚ್ಚಿದ್ದು ನಾನು. ಕಿಲುಬು ನೋಡಿದ್ದು ನಾನು. ಬದಲಾಸ್ರಿ ಅಂತ ಫೋನ್ ಮಾಡಿದ್ದು ನಾನು. ಬ್ಯಾಡ ಅಂದ್ರು. ಮುಚ್ಚಿದ್ದೂ ನಾನ. ಅದರ ತಪ್ಪು ನಂದ ಐತಿ, ಒಲ್ಲೆ ಅನ್ನೂದಿಲ್ಲ. ಸಾಹೇಬ್ರು ಆವತ್ತ ಹಗಲೂ ಬಂದಿಲ್ಲ, ರಾತ್ರೀನೂ ಬಂದಿಲ್ಲ. ಸಹಿ ಹದಿನೈದ ದಿವಸ ಮೊದಲ ಹಾಕಿ ಇಟ್ಟಿದ್ರು."

ಕಾಕಾ ಅವಳ ಕಡೆ ಬಾಗಿದ. "ತಂಗೆವ್ವಾ, ನಂದೂ ನೌಕರಿ ಹೋಗತೈತಿ ಮಗಳ," ಎಂದ ಮೆಲ್ಲಗೆ.

"ಚೌಕ ಖಾಲಿ ಬಿಟ್ಟದ್ದು ನೀವ ಅಲ್ಲೇನ್ರಿ, ಕಾಕಾ? ಹೊತ್ತು ಮುಳಗಿದ ಮ್ಯಾಲ ಉಂಡ್ರ ಪಾಪ ಅಂತೀರಿ. ಇದು ಪಾಪ ಅಲ್ಲೇನು?"

ಮುದುಕ ಅಧಿಕಾರಿಯ ಕಡೆ ತಿರುಗಿದ. ಆಮೇಲೆ ಒಂದೊಂದೇ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದ. ಸಹಿಯ ಮಾತನ್ನೂ ಬಿಡಲಿಲ್ಲ. ಭೂಷಣ ನಡುವೆ ಬಾಯಿ ಹಾಕಿ, ಸಫಾಯಿಯವಳು ಸುಳ್ಳು ಹೇಳುತ್ತಾಳೆ, ಪುರಾವೆ ಏನಿದೆ ಎಂದ. ತಂಗೆವ್ವ ಗೊಬ್ಬರದ ಚೀಲ ಎತ್ತಿ ಮೇಜಿನ ಮೇಲೆ ಸುರುವಿದಳು. ಹತ್ತೊಂಬತ್ತು ವಹಿ ಬಿದ್ದವು. ಹಾಳೆಹಾಳೆಗೂ ಕಟ್ಟಿದ ತಂತಿಯ ತುಂಡುಗಳು ಮೇಜಿಗೆ ಬಡಿದು ಸದ್ದಾಯಿತು. ಕೊನೆಯ ವಹಿ ತೆರೆದು ಆ ದಿನದ ಹಾಳೆ ತೋರಿಸಿದಳು. ಹತ್ತಿ ಇನ್ನೂ ಹಸಿರಾಗೇ ಇತ್ತು.

ಅಧಿಕಾರಿ ಬಹಳ ಹೊತ್ತು ನೋಡಿದ. ಕೆಟ್ಟ ಮನುಷ್ಯನೇನಲ್ಲ. ಆದರೆ ಅವನ ಕೈಯಲ್ಲೂ ನಿಯಮದ ಪುಸ್ತಕವೇ ಇತ್ತು. ಇಂಜಿನಿಯರು ಎದುರಿಗಿಲ್ಲದೆ, ಅನುಮತಿ ಇಲ್ಲದವರು ವಿಮಾನದ ತಂತಿ ಮುಟ್ಟುವುದು ಅಪರಾಧ, ಇವನ ಮೇಲೆ ಹೇಗೂ ಕ್ರಮ ಆಗುತ್ತದೆ, ಒಪ್ಪಿಕೊಂಡರೆ ನಿನ್ನ ಮೇಲೂ ಆಗುತ್ತದೆ, ಇದು ಗೊತ್ತಿದೆಯೇ ಎಂದು ಕೇಳಿದ.

"ಗೊತ್ತೈತ್ರಿ. ಆ ನಿಯಮ ನಾ ಪರೀಕ್ಷಾದಾಗ ಬರದ ಪಾಸಾಗೇನಿ."

ಅಧಿಕಾರಿ ಬಿಳಿ ಹಾಳೆ ತೆಗೆದು, ಶ್ರಾವಣದ ಆ ಒಂದು ದಿನದ ತಾರೀಖು ಬರೆಯಲು ಹೋದ. ತಂಗೆವ್ವ ಹಾಳೆಯ ಮೇಲೆ ಕೈ ಇಟ್ಟಳು. ಸುಟ್ಟ ಕಲೆಗಳ ಕೈ.

"ಒಂದ ದಿವಸದ್ದು ಯಾಕ್ರಿ? ಒಂಬತ್ತ ವರ್ಷದ ಗುನ್ಹೆ ಐತಿ ನಂದು. ಎಲ್ಲಾ ಬರಕೋರಿ." ಮೊದಲ ವಹಿ ತೆರೆದಳು. "ಜುಲೈ ಹದಿನೆಂಟು. ಒಂದನೇ ನಂಬರು. ರೇಡಿಯೊದ ಅರ್ಥಿಂಗ್ ಬಿಗದೇನಿ. ಸಾಹೇಬ್ರು ಪುಣ್ಯಾದಾಗ. ಜುಲೈ ಇಪ್ಪತ್ಮೂರು. ನಾಕನೇ ನಂಬರು. ಹೆಡ್‌ಸೆಟ್ ಎರಡು, ಬೆಸದೇನಿ. ಸಾಹೇಬ್ರು ಪುಣ್ಯಾದಾಗ. ಹೇಳ್ರಿ ಕಾಕಾ, ಒಂದೂ ಬಿಡಬ್ಯಾಡ್ರಿ."

ಕಾಕಾ ಹೇಳಿದ. ದನಿ ಮೊದಲಿಗಿಂತ ಗಟ್ಟಿಯಾಗಿತ್ತು.

"ಅಕ್ಕಾ, ಬ್ಯಾಡ," ಎಂದ ಭೂಷಣ, ಕನ್ನಡದಲ್ಲಿ.

ತಂಗೆವ್ವ ಅವನ ಕಡೆ ನೋಡಲಿಲ್ಲ. ಅಧಿಕಾರಿ ಆ ಹಾಳೆ ಹರಿದು ಬದಿಗಿಟ್ಟು, ಉದ್ದನೆಯ ಹೊಸ ಹಾಳೆ ತೆಗೆದ. ಹತ್ತೊಂಬತ್ತು ವಹಿಗಳನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟು, ಮೇಲ್ಗಡೆ ಬರೆಯಲು ಹೆಸರು ಕೇಳಿದ.

"ತಂಗೆವ್ವ ಧೋಂಡಿಬಾ ಕಾಂಬಳೆ," ಎಂದಳು. ಅವನು ತಂಗೆವ್ವ ಎಂದಷ್ಟೇ ಬರೆದು ಪೆನ್ನು ಎತ್ತಿದ.

"ಕಾಂಬಳೆ," ಎಂದಳು ಮತ್ತೆ. "ಅದನ್ನೂ ಬರೀರಿ."